ಮಗಳ ಪಾಲಿನ ಪ್ರಸಾದ

ಅರ್ಧಪಾದ್ರಿ ಎಂದು ಅವನಿಗೆ ಹೆಸರಿಟ್ಟವರು ಅವನ ಗಿರಾಕಿಗಳೇ. ಇಗರ್ಜಿಯ ಹಿಂದಿನ ಬೀದಿಯಲ್ಲಿ ಅವನದೊಂದು ಕ್ಷೌರದ ಅಂಗಡಿ. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೊಂದು ಬೆಂಚು. ವಾರವೆಲ್ಲ ಕತ್ತರಿ ಹಿಡಿದ ಕೈ ಭಾನುವಾರ ಬೆಳಿಗ್ಗೆ ಪರಮಪ್ರಸಾದದ ಪಾತ್ರೆ ಹಿಡಿಯುತ್ತಿತ್ತು. ಅಷ್ಟು ಜನಕ್ಕೆ ಗುರುಗಳೊಬ್ಬರೇ ಕೊಟ್ಟು ಮುಗಿಸಲಾಗುವುದಿಲ್ಲವೆಂದು ಧರ್ಮಸಭೆ ಕೆಲವು ಗೃಹಸ್ಥರನ್ನು ಆರಿಸಿ ಆ ಸೇವೆಗೆ ನೇಮಿಸುತ್ತದಲ್ಲ, ಅಂಥವರಲ್ಲಿ ಇವನೊಬ್ಬ. ಪೂಜೆ ಮುಗಿದ ಮೇಲೆ ಪುಟ್ಟದೊಂದು ಬೆಳ್ಳಿಯ ಡಬ್ಬಿಯಲ್ಲಿ ಪ್ರಸಾದವಿಟ್ಟು, ಅದನ್ನು ಕೊರಳಿಗೆ ತೂಗುಹಾಕಿಕೊಂಡು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿಬರುತ್ತಿದ್ದ. ದಾರಿಯಲ್ಲಿ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಎದೆಯ ಮೇಲೆ ದೇವರಿರುವಾಗ ಮಳೆ ಬಿಸಿಲಿನ ಮಾತೇಕೆ ಎಂದು ಅವನ ವಾದ. ಒಮ್ಮೆ ಸೈಕಲ್ಲಿನವನೊಬ್ಬ ಗುದ್ದಿ ಮೊಣಕಾಲು ತರಚಿಹೋದಾಗಲೂ ತುಟಿಪಿಟಕ್ಕೆನ್ನದೆ ಎದ್ದು ನಡೆದಿದ್ದನಂತೆ. ಅಂಥ ಆಸಾಮಿ.

ಈಗ ಆ ಡಬ್ಬಿ ಕಟ್ಟಕಡೆಗೆ ಬಂದು ನಿಲ್ಲುತ್ತಿದ್ದುದು ಅವನ ಸ್ವಂತ ಮನೆಯಲ್ಲೇ. ಹೆಂಡತಿಗೆ ಅನ್ನನಾಳದಲ್ಲಿ ಗಡ್ಡೆ. ವೈದ್ಯರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಗಂಜಿಯಾದರೂ ನೀರಾದರೂ ಚಮಚದಲ್ಲೇ, ಅದೂ ಒಂದೊಂದು ಸಲ ಹೋದ ದಾರಿಯಲ್ಲೇ ಹೊರಗೆ ಬರುತ್ತಿತ್ತು. ಅರ್ಧಪಾದ್ರಿ ಪ್ರಸಾದವನ್ನು ಸಾಸಿವೆಕಾಳಿನಷ್ಟು ಮುರಿದು, ಚಮಚದ ನೀರಿನಲ್ಲಿಟ್ಟು ಅವಳ ಬಾಯಿಗೆ ಹಾಕಿ, ಉಳಿದದ್ದನ್ನು ನಿಯಮದಂತೆ ತಾನೇ ಸೇವಿಸುತ್ತಿದ್ದ.

ಅವಳನ್ನು ನೋಡಿಕೊಳ್ಳಲು ಬರುತ್ತಿದ್ದವಳು ಮಗಳು. ಮನೆಯಲ್ಲಿ ಮಗ ಇದ್ದ, ಬಸ್ಸು ಓಡಿಸುವವನು. ಸೊಸೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸದವಳು. ಮೊಮ್ಮಗಳಿಗೆ ಕಾಲೇಜು. ಹಾಗಾಗಿ ಮಗಳೇ ಬೆಳಗಾಗುತ್ತಲೇ ತನ್ನ ಮನೆಯ ಅಡುಗೆ ಮುಗಿಸಿ, ಬಸ್ಸು ಬದಲಿಸಿ ಬಂದು, ತಾಯಿಯ ಮೈ ಒರೆಸಿ, ಹಾಸಿಗೆಯ ಬಟ್ಟೆ ಒಗೆದು ಹರವಿ, ಮಧ್ಯಾಹ್ನ ತಾನು ದುಡಿಯುವ ಹೊಲಿಗೆ ಅಂಗಡಿಗೆ ಓಡುತ್ತಿದ್ದಳು. ಅಪ್ಪನ ಜೊತೆ ಮಾತು ಅಷ್ಟಕ್ಕಷ್ಟೇ. ನೀರು ಕಾದಿದೆ, ಔಷಧಿ ಮುಗಿದಿದೆ, ಬಾಗಿಲು ಹಾಕ್ಕೋ, ಅಷ್ಟೇ.

ಕಾರಣ ಹಳೆಯದು. ಅವಳ ಮೊದಲ ಮದುವೆ ಇಗರ್ಜಿಯಲ್ಲಿ, ಗುರುಗಳ ಮುಂದೆ, ಅರ್ಧಪಾದ್ರಿಯೇ ಕೈಹಿಡಿದು ನಡೆಸಿಕೊಂಡು ಹೋಗಿ ಮಾಡಿಕೊಟ್ಟದ್ದು. ಆ ಗಂಡ ಹೊಡೆಯುವವನು. ದವಡೆ ಊದಿಸಿಕೊಂಡು ತವರಿಗೆ ಬಂದವಳಿಗೆ ಅಪ್ಪ ಹೊಂದಿಕೊಂಡು ಹೋಗಮ್ಮ ಎಂದು ಬುದ್ಧಿ ಹೇಳಿ ವಾಪಸು ಕಳಿಸಿದ್ದ. ಎರಡನೆಯ ಸಲ ಬಂದವಳು ಮತ್ತೆ ಹೋಗಲಿಲ್ಲ. ಅವಳು ಇನ್ನೊಂದು ಮದುವೆಯಾಗಬೇಕಿದ್ದರೆ ಆ ಮದುವೆ ಮದುವೆಯೇ ಅಲ್ಲವೆಂದು ಸಭೆಯ ನ್ಯಾಯಪೀಠ ಹೇಳಬೇಕಿತ್ತು. ಅರ್ಜಿ ಹಾಕಿದಳು. ಗಂಡ ವಿಚಾರಣೆಗೆ ಬರಲಿಲ್ಲ, ಸಾಕ್ಷಿ ಸಾಲದೆಂದರು, ಕಾಯಿರಿ ಎಂದರು. ಕಾದು ಕಾದು ಸಾಕಾಗಿ, ಗೋಡೆಗೆ ಬಣ್ಣ ಹೊಡೆಯುವ ಒಬ್ಬ ಒಳ್ಳೆಯ ಮನುಷ್ಯನನ್ನು ಸರ್ಕಾರಿ ಕಚೇರಿಯಲ್ಲಿ ಮದುವೆಯಾದಳು. ಅಪ್ಪ ಹೋಗಲಿಲ್ಲ. ಸಭೆಯ ಲೆಕ್ಕದಲ್ಲಿ ಅವಳು ಇನ್ನೂ ಮೊದಲನೆಯವನ ಹೆಂಡತಿಯೇ, ಆದ್ದರಿಂದ ಪ್ರಸಾದ ಮುಟ್ಟುವಂತಿಲ್ಲ. ಆದರೂ ಭಾನುವಾರ ತಪ್ಪಿಸದೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಎದ್ದು ಸಾಲಿನಲ್ಲಿ ಹೋಗುವಾಗ ತಲೆ ಬಗ್ಗಿಸಿಕೊಂಡು ಕೂತಿರುತ್ತಿದ್ದಳು.

ಒಂದು ಭಾನುವಾರ ಅರ್ಧಪಾದ್ರಿ ಚಮಚ ಮುಂದೆ ಹಿಡಿದರೆ ಹೆಂಡತಿ ಬಾಯಿ ತೆರೆಯಲಿಲ್ಲ.

"ಅವಳಿಗೆ ಕೊಡಿ," ಎಂದಳು. ದನಿ ಗಾಳಿಯಷ್ಟೇ ಇತ್ತು.

"ಯಾರಿಗೆ?"

"ನಿಮ್ಮ ಮಗಳಿಗೆ. ನನ್ನ ಕಣ್ಣೆದುರಿಗೆ ಅವಳಿಗೆ ಕೊಡಿ. ಆಮೇಲೆ ನನಗೆ."

"ಅದು ಹೇಗಾಗುತ್ತೆ? ನಿನಗೆ ಗೊತ್ತಿಲ್ವಾ?"

"ಗೊತ್ತು. ಹಾಗಾದ್ರೆ ನನಗೂ ಬೇಡ."

ಮದುವೆಯಾದಂದಿನಿಂದ ಎದುರಾಡದ ಹೆಂಗಸು ಅಂದರೆ ಸುಳ್ಳಾದೀತು, ಉಪ್ಪು ಹುಳಿಯಿಂದ ಹಿಡಿದು ಎಲ್ಲದಕ್ಕೂ ಎದುರಾಡಿದವಳೇ. ಆದರೆ ದೇವರ ವಿಷಯದಲ್ಲಿ ಅಲ್ಲ. ಬಚ್ಚಲಿನಲ್ಲಿ ಬಟ್ಟೆ ಹಿಂಡುತ್ತಿದ್ದ ಮಗಳು ಒದ್ದೆ ಕೈಯಲ್ಲೇ ಬಂದು, ನನ್ನ ಹೆಸರಲ್ಲಿ ಹಟ ಮಾಡಬೇಡಮ್ಮ, ತಗೋ ಎಂದು ಬೇಡಿಕೊಂಡಳು. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅವತ್ತು ಅರ್ಧಪಾದ್ರಿ ಚಮಚದಲ್ಲಿದ್ದುದನ್ನು ತಾನೇ ಸೇವಿಸಿ, ಡಬ್ಬಿಯಲ್ಲಿ ಉಳಿದದ್ದನ್ನು ಮರಳಿ ಇಗರ್ಜಿಗೆ ಒಯ್ದಿಟ್ಟು ಬಂದ. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನದೂ.

ಹೆಂಡತಿ ಪ್ರಸಾದವಿಲ್ಲದೆ ಹೋಗಿಬಿಟ್ಟರೆ? ಬೀದಿಯ ಎಲ್ಲ ಮುದುಕ ಮುದುಕಿಯರಿಗೂ ಕೊನೆಯ ಪ್ರಸಾದ ಕೊಟ್ಟು ಕಳಿಸಿದವನು ತಾನು, ತನ್ನ ಮನೆಯವಳೇ ಬರಿಗೈಯಲ್ಲಿ ಹೋಗುವುದೇ? ಈ ಭಯ ಅವನನ್ನು ಹಗಲೆಲ್ಲ ತಿನ್ನುತ್ತಿತ್ತು. ಗಿರಾಕಿಯ ಕತ್ತಿಗೆ ಬಟ್ಟೆ ಕಟ್ಟಿ, ಕತ್ತರಿ ಹಿಡಿದು, ಏನು ಕತ್ತರಿಸಬೇಕೆಂಬುದನ್ನೇ ಮರೆತು ನಿಲ್ಲುತ್ತಿದ್ದ.

ಅದೇ ದಿನಗಳಲ್ಲಿ ಪತ್ರಿಕೆಯಲ್ಲಿ ಆ ಸುದ್ದಿ ಬಂತು. ಈ ಇಗರ್ಜಿಯಲ್ಲಿ ಹಿಂದೆ ಇದ್ದ ಫಾದರ್, ಚೆನ್ನಾಗಿ ಹಾಡುತ್ತಿದ್ದವರು, ಎಲ್ಲರ ಮೆಚ್ಚಿನವರು. ಹಾಸ್ಟೆಲಿನ ಹುಡುಗಿಯೊಬ್ಬಳು ಅವರ ಮೇಲೆ ದೂರು ಕೊಟ್ಟಿದ್ದಳಂತೆ. ಬಿಷಪ್ಪರಿಗೆ ಎಲ್ಲ ಗೊತ್ತಿತ್ತಂತೆ. ಗೊತ್ತಿದ್ದೂ ಸದ್ದಿಲ್ಲದೆ ಅವರನ್ನು ಇನ್ನೊಂದು ಊರಿಗೆ ವರ್ಗ ಮಾಡಿದ್ದರಂತೆ. ಅಲ್ಲಿಯೂ ಅವರು ಪೂಜೆ ಮಾಡಿಕೊಂಡು, ಹಾಡಿಕೊಂಡು, ಚೆನ್ನಾಗಿಯೇ ಇದ್ದರಂತೆ.

ಕ್ಷೌರದಂಗಡಿಯ ಬೆಂಚು ಅಂದರೆ ಅದೊಂದು ಮಹಾಸಭೆಯೇ. ರೋಮಿನಲ್ಲಿ ಬಗೆಹರಿಯದ್ದು ಅಲ್ಲಿ ಬಗೆಹರಿಯುತ್ತಿತ್ತು. ಬಿಷಪ್ಪರು ಸಭೆಯ ಮಾನ ಉಳಿಸಿದರು ಎಂದು ನಿವೃತ್ತ ಮೇಷ್ಟರು. ಆ ಹುಡುಗಿಗೂ ಮಾನ ಅನ್ನೋದು ಇತ್ತಲ್ಲ ಎಂದು ಬಡಗಿ. ಪಾದ್ರಿಗಳಿಗೂ ಮದುವೆ ಮಾಡಿಬಿಟ್ಟರೆ ಈ ರಗಳೆಯೇ ಇರುವುದಿಲ್ಲ ಎಂದು ಒಬ್ಬ, ಮದುವೆಯಾದವರೆಲ್ಲ ಸಾಚಾಗಳೇನಯ್ಯ ಎಂದು ಇನ್ನೊಬ್ಬ. ಗಂಡಸು ಗಂಡಸು ಕೂಡಿ ಬಾಳುವವರನ್ನು ಆಶೀರ್ವದಿಸಬಹುದೋ ಬಾರದೋ, ಮಕ್ಕಳು ಸಾಕು ಎನ್ನುವ ಹೆಂಗಸು ಮಾತ್ರೆ ನುಂಗಬಹುದೋ ಬಾರದೋ, ಎಲ್ಲಕ್ಕೂ ತಲೆಗೊಂದು ತೀರ್ಪು. ಬಡಗಿ ಕೊನೆಗೆ ಒಂದು ಮಾತು ಎಸೆದ. ದಯೆ ತೋರಿಸಿ ಅಂತ ರೋಮಿನವರು ಹೇಳುತ್ತಾರೆ, ಕಾಗದ ತೋರಿಸಿ ಅಂತ ಇಲ್ಲಿಯವರು ಕೇಳುತ್ತಾರೆ, ದೇವರು ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ ನೋಡಿ. ಎಲ್ಲರೂ ನಕ್ಕರು. ಆ ಮಾತು ತನ್ನ ಮಗಳಿಗೆ ಹೋಗಿ ತಾಗುತ್ತದೆಂದು ಅರ್ಧಪಾದ್ರಿಗೆ ಅನ್ನಿಸಿ, ಅವನು ನಗಲಿಲ್ಲ. ಆಳುವವರ ಕಷ್ಟ ಆಳಿಸಿಕೊಳ್ಳುವವರಿಗೆ ಗೊತ್ತಾಗುವುದಿಲ್ಲ, ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆಯಬಾರದು ಎಂದಷ್ಟೇ ಹೇಳಿದ.

ಅದೇ ಮಾತನ್ನು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿದ. ಅಲ್ಲಿ ಅವನ ಬೇಳೆ ಬೇಯಲಿಲ್ಲ. ಮಗ ಕೆಲಸದ ಅಂಗಿಯಲ್ಲೇ ಕೂತು ಉಣ್ಣುತ್ತಿದ್ದ.

"ಬೀದಿಯಲ್ಲಿ ತೊಳೀಬಾರದು, ಸರಿ," ಎಂದ. "ಒಳಗೆ ತೊಳೆದ್ರಾ? ಒಳಗೂ ತೊಳೀಲಿಲ್ಲವಲ್ಲ, ಪಕ್ಕದ ಮನೆಗೆ ಸಾಗಿಸಿದ್ರು."

"ನೀನು ಬಿಷಪ್ಪರಿಗಿಂತ ದೊಡ್ಡವನೇನೋ?"

"ಅಲ್ಲಪ್ಪ. ಆದ್ರೆ ಲೆಕ್ಕ ನೋಡು. ಕೆಟ್ಟ ಕೆಲಸ ಮಾಡಿದವನು ಪೀಠದ ಮೇಲೆ ನಿಂತು ಪ್ರಸಾದ ಹಂಚ್ತಾನೆ. ಹೊಡೆತ ತಿಂದ ಅಕ್ಕ ಹಿಂದಿನ ಬೆಂಚಲ್ಲಿ ಕೂತು ನೋಡ್ತಾಳೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಮೊಮ್ಮಗಳು ತಟ್ಟೆಯಿಂದ ತಲೆ ಎತ್ತದೆ, ನಾನು ಈ ವರ್ಷ ದೃಢೀಕರಣದ ಸಂಸ್ಕಾರಕ್ಕೆ ಹೆಸರು ಕೊಡುವುದಿಲ್ಲ, ಆ ಬಿಷಪ್ಪರ ಕೈ ನನ್ನ ತಲೆಯ ಮೇಲೆ ಬೇಡ ಎಂದಳು. ಅರ್ಧಪಾದ್ರಿ ಎತ್ತಿದ ತುತ್ತನ್ನು ತಟ್ಟೆಗಿಟ್ಟ. ಒಳಗಿನಿಂದ ಹೆಂಡತಿ ಕೆಮ್ಮಿದಳು. ಸೊಸೆ ಎದ್ದು ಒಳಗೆ ಹೋದಳು, ಮಾತು ಅಲ್ಲಿಗೇ ನಿಂತಿತು.

ಈಗಿನ ಫಾದರ್ ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಕ್ಷೌರಕ್ಕೆ ಬಂದಾಗ ಅರ್ಧಪಾದ್ರಿ ಬಾಗಿಲಿನ ಪರದೆ ಎಳೆದು, ಅವರ ಕತ್ತಿಗೆ ಬಟ್ಟೆ ಕಟ್ಟಿ, ಆಮೇಲೆ ವಿಷಯ ತೆಗೆದ. ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡವರು ಎದ್ದು ಓಡುವ ಹಾಗಿಲ್ಲವಲ್ಲ. ಹೆಂಡತಿಯ ಹಟವನ್ನೆಲ್ಲ ಹೇಳಿ, ಮಗಳಿಗೆ ಕೊಡಲೋ ಬೇಡವೋ, ತಾವು ಒಂದು ಮಾತು ಹೇಳಿಬಿಡಿ ಎಂದ.

ಫಾದರ್ ಕನ್ನಡಿಯಲ್ಲಿ ಅವನನ್ನೇ ನೋಡಿದರು. ಆಮೇಲೆ, ಕೆಲವು ಕಡೆ ಇಂಥವರ ಮನಸ್ಸಾಕ್ಷಿಯನ್ನು ವಿಚಾರಿಸಿ ಕೊಡುವುದುಂಟು, ನಮ್ಮ ಬಿಷಪ್ಪರು ಅದಕ್ಕೆ ಒಪ್ಪಿಲ್ಲ, ಹೌದು ಅಂತ ಹೇಳುವ ಅಧಿಕಾರ ನನಗಿಲ್ಲ, ಬೇಡ ಅಂತ ಹೇಳುವುದಕ್ಕೆ ಬಾಯಿ ಬರುತ್ತಿಲ್ಲ ಎಂದರು.

"ನಿಮ್ಮ ಮನಸ್ಸಾಕ್ಷಿ ಏನು ಹೇಳುತ್ತೆ?"

"ನಿಮ್ಮನ್ನೇ ಕೇಳು ಅಂತ ಹೇಳ್ತಿದೆ, ಫಾದರ್."

ಪಾಪ, ಫಾದರ್ ನಕ್ಕುಬಿಟ್ಟರು, ಆಮೇಲೆ ನಕ್ಕಿದ್ದಕ್ಕೆ ನಾಚಿಕೊಂಡರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಅರ್ಧಪಾದ್ರಿ ತನ್ನ ಜೀವಮಾನವೆಲ್ಲ ಹೇಳಿದ್ದನ್ನು ಕೇಳಿಕೊಂಡು ಬಂದವನು. ನೀನೇ ಯೋಚಿಸು ಎಂದರೆ ಅವನಿಗೆ ಕೈಕಾಲೇ ಆಡುವುದಿಲ್ಲ. ಅವತ್ತು ಫಾದರ್ ಅವರ ಕೂದಲು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ.

ಶನಿವಾರ ಸಂಜೆ ಅವನು ಎಂದಿನಂತೆ ಮರುದಿನದ ಪೂಜೆಗೆ ಅಣಿಮಾಡಲು ಇಗರ್ಜಿಯ ಒಳಕೋಣೆಗೆ ಹೋದ. ಬೀರುವಿನಲ್ಲಿ ಓಸ್ತಿಯ ಡಬ್ಬವಿತ್ತು. ಓಸ್ತಿ ಎಂದರೆ ಗೋಧಿ ಹಿಟ್ಟಿನ ತೆಳ್ಳನೆಯ ಬಿಳಿ ಬಿಲ್ಲೆ. ಪೀಠದ ಮೇಲೆ ಗುರುಗಳು ಅರ್ಪಣೆಯ ಮಾತು ಹೇಳಿದ ಮೇಲೆ ಅದೇ ಪ್ರಸಾದ, ದೇವರ ಶರೀರ. ಅದಕ್ಕೆ ಮುಂಚೆ ಬರೀ ಹಿಟ್ಟು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾರ ಕಣ್ಣಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಡಬ್ಬದಿಂದ ಪಾತ್ರೆಗೆ ಓಸ್ತಿ ಸುರಿಯುತ್ತಿದ್ದ ಅರ್ಧಪಾದ್ರಿಯ ಕೈ ಇದನ್ನೇ ಯೋಚಿಸಿ ನಿಂತಿತು. ಮಗಳಿಗೆ ಬರೀ ಓಸ್ತಿ ಕೊಟ್ಟರೆ ನಿಯಮ ಮುರಿದಂತಾಗುವುದಿಲ್ಲ. ಹೆಂಡತಿಗೆ ನಿಜವಾದದ್ದು ಸಿಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಓಸ್ತಿಯನ್ನು ಬಿಳಿ ಕಾಗದದಲ್ಲಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ದೇವರೇ ದಾರಿ ತೋರಿಸಿದ ಎಂದುಕೊಂಡನಂತೆ. ದೇವರ ತಲೆಯ ಮೇಲೆ ಏನೆಲ್ಲ ಹೊರಿಸುತ್ತೇವೆ ನಾವು!

ಭಾನುವಾರ ಮನೆಗೆ ಬಂದವನು ಮಗಳನ್ನು ಕರೆದು, ಕೈ ತೊಳಕೊಂಡು ಬಾ, ನಿನಗೂ ಇದೆ ಎಂದ. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಫಾದರ್ ಒಪ್ಪಿದ್ರಾ?"

ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತಲೆ ಮಾತ್ರ ಆಡಿತು. ಮಗಳು ಬಚ್ಚಲಿಗೆ ಹೋಗಿ ಮುಖ ತೊಳೆದು, ತಾಯಿಯ ಶಾಲು ತಲೆಗೆ ಹೊದ್ದು ಬಂದು, ಮಂಚದ ಪಕ್ಕ ಮಂಡಿಯೂರಿದಳು. ಅಪ್ಪ ಒಂದು ಕೈಯಲ್ಲಿ ಬೆಳ್ಳಿ ಡಬ್ಬಿ ಹಿಡಿದು, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ಜೇಬಿನ ಓಸ್ತಿಯನ್ನು ಅಡಗಿಸಿಕೊಂಡಿದ್ದ. ಕತ್ತರಿ ಆಡಿಸಿದ ಬೆರಳು, ಚುರುಕಿಗೆ ಕೇಳಬೇಕೇ. ಕ್ರಿಸ್ತರ ಶರೀರ ಎಂದ. ಆಮೆನ್ ಎಂದಳು. ನಾಲಗೆಯ ಮೇಲಿಟ್ಟ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹಾಗೇ ನೆಲಕ್ಕೆ ಬಗ್ಗಿದಳು.

ಅವನು ಕೇಳುವ ಮುಂಚೆಯೇ ಹೆಂಡತಿ ಬಾಯಿ ತೆರೆದಳು. ಡಬ್ಬಿಯಲ್ಲಿದ್ದುದನ್ನು ಸಾಸಿವೆಯಷ್ಟು ಮುರಿದು ಚಮಚದಲ್ಲಿ ಕೊಟ್ಟ. ಅವತ್ತು ಅದು ಎಲ್ಲೂ ತಡೆಯದೆ ಇಳಿಯಿತು. ಮಗಳನ್ನು ನೋಡಿ ನಕ್ಕಳು. "ಈಗ ನೀವು ಅಪ್ಪ ಆದ್ರಿ," ಎಂದಳು ಅವಳು. ಆ ಮಾತು ಕೇಳಿ ಅವನ ಕಣ್ಣಲ್ಲಿ ನೀರು ಬಂತು. ಯಾಕೆ ಬಂತೆಂದು ಅವನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ಮಗಳು ತಲೆ ಬಾಚುತ್ತಿರುವಾಗ ತಾಯಿ ಹೋದಳು. ಫಾದರ್ ಮುಂಚಿನ ದಿನವೇ ಬಂದು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ್ದರು. ಮಣ್ಣು ಮಾಡುವಾಗ ಮಗ ಬಿಕ್ಕಿ ಬಿಕ್ಕಿ ಅತ್ತ. ಮೊಮ್ಮಗಳು ಅತ್ತಳು. ಮಗಳು ಮಾತ್ರ ಅಳದೆ, ಬಂದವರಿಗೆಲ್ಲ ನೀರು ಕೊಟ್ಟು, ಅಮ್ಮ ಸಮಾಧಾನದಲ್ಲಿ ಹೋದಳು ಎಂದು ಅವರಿಗೇ ಸಾಂತ್ವನ ಹೇಳುತ್ತಾ ಓಡಾಡಿದಳು.

ತಾಯಿ ಹೋದ ಮೇಲೆ ಬರುವುದು ನಿಲ್ಲಿಸುತ್ತಾಳೆ ಎಂದುಕೊಂಡಿದ್ದರೆ, ಮಗಳು ಇನ್ನೂ ಹೆಚ್ಚು ಬರತೊಡಗಿದಳು. ಅಪ್ಪನ ಅಂಗಿಗೆ ಗುಂಡಿ ಹಾಕಿದಳು. ಅಂಗಡಿಗೇ ಊಟ ತಂದುಕೊಟ್ಟು, ಬೆಂಚಿನ ಮೇಲಿನ ಮೇಷ್ಟರ ಹತ್ತಿರ ಹರಟಿದಳು. ಬೋಳಾಗುತ್ತಿರುವ ಕ್ಷೌರಿಕನ ಕೈಯಲ್ಲಿ ತಲೆ ಕೊಡುವವರಿಗೆ ಧೈರ್ಯ ಬೇಕು ಎಂದು ಅಪ್ಪನನ್ನೇ ಛೇಡಿಸಿದಳು. ಮದುವೆಗೆ ಮುಂಚೆ ಅವಳು ಹೀಗೆಯೇ ಇದ್ದಳೆಂಬುದು ಅವನಿಗೆ ಮರೆತೇಹೋಗಿತ್ತು. ಅಳಿಯ ಕೂಡ ಬಂದ. ಕೇಳದೆಯೇ ಏಣಿ ತಂದು, ಅತ್ತೆ ಮಲಗಿದ್ದ ಕೋಣೆಗೆ ಬಣ್ಣ ಹೊಡೆದುಕೊಟ್ಟ. ಕೂಲಿಯೆಂದು ಏನು ಕೊಡಲಿ ಎಂದರೆ, ತಲೆ ಕ್ಷೌರ ಮಾಡಿಬಿಡಿ ಮಾವ, ಸಾಕು ಎಂದ. ಅರ್ಧಪಾದ್ರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬಹಳ ಜೋಪಾನವಾಗಿ ಕೂದಲು ಕತ್ತರಿಸಿದ. ಮಗಳು ಅವನಿಗೆ ಮರಳಿ ಸಿಕ್ಕಿದ್ದಳು. ಸಿಕ್ಕಿದ್ದು ಹೇಗೆಂದು ನೆನೆದರೆ ಎದೆ ಧಸಕ್ಕೆನ್ನುತ್ತಿತ್ತು.

ಆ ನಡುವೆ ಒಂದು ಭಾನುವಾರ ಬಿಷಪ್ಪರ ಹೇಳಿಕೆಯನ್ನು ಪೂಜೆಯ ಕೊನೆಯಲ್ಲಿ ಓದಿದರು. ವಿಶ್ವಾಸಿಗಳ ಮನಸ್ಸು ನೋಯಬಾರದು ಎಂಬ ಒಂದೇ ಕಾರಣಕ್ಕೆ ಹಿಂದಿನ ಫಾದರ್ ವಿಷಯವನ್ನು ಹೊರಗೆ ತಂದಿರಲಿಲ್ಲ ಎಂದಿತ್ತು ಅದರಲ್ಲಿ. ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳು ತಾತನ ಪಕ್ಕ ನಡೆಯುತ್ತಿದ್ದಳು.

"ನೋಯಬಾರದು ಅಂತ ಮುಚ್ಚಿಟ್ರಂತೆ. ನೀವು ಅದನ್ನೂ ಸರಿ ಅಂತೀರಾ, ತಾತ?"

ಮುಂಚಿನ ತಾತನಾಗಿದ್ದರೆ ಆಳುವವರ ಕಷ್ಟದ ಪ್ರವಚನ ಆಗಬೇಕಿತ್ತು. ಈಗ ಅವನು ನೆಲ ನೋಡುತ್ತಾ ಹೆಜ್ಜೆ ನಿಧಾನ ಮಾಡಿದ. ಹುಡುಗಿಗೇ ಗಾಬರಿಯಾಗಿ, ಕಾಲು ನೋಯುತ್ತಿದೆಯಾ ಎಂದು ಕೈ ಹಿಡಿದುಕೊಂಡಳು.

ತಾಯಿಯ ಆತ್ಮಕ್ಕೆ ತಿಂಗಳ ಪೂಜೆ ಇಡಿಸಿದ್ದರು. ಅದರ ಹಿಂದಿನ ದಿನ ಮಗಳು ಬಟ್ಟೆ ಮಡಿಸುತ್ತಾ ಹೇಳಿದಳು.

"ಅಪ್ಪ, ನಾಳೆ ನಾನು ನಿನ್ನ ಸಾಲಿಗೇ ಬರ್ತೀನಿ."

"ಯಾವ ಸಾಲು?"

"ಪ್ರಸಾದದ ಸಾಲು. ಅಮ್ಮನ ಮುಂದೆ ಕೊಟ್ಟೆಯಲ್ಲ, ಇನ್ನು ಮರೆ ಯಾಕೆ? ಬೇರೆಯವರ ಹತ್ತಿರ ಹೋಗಲ್ಲ. ನಿನ್ನ ಕೈಯಿಂದಲೇ."

ಹೇಳಿಬಿಡಬೇಕಿತ್ತು. ಅಲ್ಲೇ, ಆ ಬಟ್ಟೆಯ ರಾಶಿಯ ಮುಂದೆಯೇ ಹೇಳಿಬಿಟ್ಟಿದ್ದರೆ ಅವರಿಬ್ಬರ ನಡುವೆಯೇ ಮುಗಿಯುತ್ತಿತ್ತು. ಅವನು ಬಾಯಿ ತೆರೆದ ಕೂಡ. ಅವಳು ಅವನ ಅಂಗಿಯ ಕಾಲರನ್ನು ಅಂಗೈಯಿಂದ ನೀವಿ ನೀವಿ ಸರಿ ಮಾಡುತ್ತಿದ್ದಳು. ಅದನ್ನು ನೋಡಿ, ನಾಳೆ ಅಡುಗೆ ಏನು ಎಂದು ಕೇಳಿದ.

ಮರುದಿನ ಇಗರ್ಜಿ ತುಂಬಿತ್ತು. ನಡುವಿನ ಸಾಲಿಗೆ ಫಾದರ್ ಕೊಡುತ್ತಿದ್ದರು, ಬಲಗಡೆಯ ಸಾಲಿಗೆ ಅರ್ಧಪಾದ್ರಿ. ಮೇಷ್ಟರು ಬಂದರು, ತಗೊಂಡರು. ಬಡಗಿ ಬಂದ. ಮಗ ಬಂದ. ಅವನ ಹಿಂದೆ ಅವಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ತಲೆಯ ಮೇಲೆ ಅಮ್ಮನ ಅದೇ ಶಾಲು. ಎಡಗೈಯನ್ನು ಬಲಗೈ ಮೇಲೆ ಇಟ್ಟು ಮುಂದೆ ಚಾಚಿದಳು. ಪಾತ್ರೆಯಲ್ಲಿದ್ದುದೆಲ್ಲ ನಿಜವಾದ ಪ್ರಸಾದ. ಕೊಟ್ಟುಬಿಟ್ಟರೆ ಮುಗಿಯಿತು, ಹಳೆಯ ಸುಳ್ಳೂ ಅದರಲ್ಲೇ ಕರಗಿಹೋಗುತ್ತಿತ್ತು. ಬೆರಳಲ್ಲಿ ಒಂದನ್ನು ಎತ್ತಿಯೂ ಇದ್ದ. ಆದರೆ ಇಷ್ಟು ವರ್ಷ ಆ ಕೈ ನಿಯಮ ಮೀರಿರಲಿಲ್ಲ, ಅದು ಮುಂದೆ ಹೋಗಲೇ ಇಲ್ಲ. ಪ್ರಸಾದವನ್ನು ಮರಳಿ ಪಾತ್ರೆಗಿಟ್ಟು, ಅವಳ ತಲೆಯ ಮೇಲೆ ಕೈಯಿಟ್ಟು ದೇವರು ನಿನ್ನನ್ನು ಆಶೀರ್ವದಿಸಲಿ ಎಂದ. ಕೊಡಬಾರದವರಿಗೆ ಕೊಡುವುದು ಅದನ್ನೇ.

ಅವಳು ಕೈ ಕೆಳಗಿಳಿಸಲಿಲ್ಲ.

"ಅವತ್ತು ಕೊಟ್ಟೆಯಲ್ಲಪ್ಪ," ಎಂದಳು ಪಿಸುದನಿಯಲ್ಲಿ.

"ಅವತ್ತು ಕೊಟ್ಟಿದ್ದು ಪ್ರಸಾದ ಅಲ್ಲಮ್ಮ. ಬರೀ ಓಸ್ತಿ."

ಹಿಂದಿದ್ದವರಿಗೆ ಮಾತು ಕೇಳಿಸಲಿಲ್ಲ, ಆದರೆ ಸಾಲು ನಿಂತಿದ್ದು ಕಾಣಿಸಿತು. ಖಾಲಿ ಅಂಗೈಗಳನ್ನು ಅವಳು ಒಮ್ಮೆ ನೋಡಿಕೊಂಡಳು. ಆಮೇಲೆ ಶಾಲು ಬಿಗಿಯಾಗಿ ಎಳೆದುಕೊಂಡು, ಕೊನೆಯ ಬೆಂಚಿಗೂ ಹೋಗದೆ, ಪಕ್ಕದ ಬಾಗಿಲಿನಿಂದ ಹೊರಗೆ ನಡೆದಳು. ಅರ್ಧಪಾದ್ರಿ ಮುಂದಿನವರಿಗೆ ಕ್ರಿಸ್ತರ ಶರೀರ ಎಂದ, ಅದರ ಮುಂದಿನವರಿಗೂ ಎಂದ, ಸಾಲು ಮುಗಿಯುವವರೆಗೂ ಎಂದ.

ಮನೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ಮಗನಿಗೆ ಕೂಗಾಡುವಷ್ಟು ಸಿಟ್ಟಿತ್ತು, ಕೂಗಾಡಲಿಲ್ಲ.

"ಬಿಷಪ್ಪರಿಗೂ ನಿನಗೂ ಏನಪ್ಪ ವ್ಯತ್ಯಾಸ?" ಎಂದ. "ಅವರಿಗೆ ಟೋಪಿ ಇದೆ, ನಿನಗಿಲ್ಲ. ಅಷ್ಟೇ."

ಆ ಸಂಜೆಯೇ ಅರ್ಧಪಾದ್ರಿ ಫಾದರ್ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದ. ಫಾದರ್ ಮುಖ ಬಾಡಿತು. ಅವತ್ತು ನಿಮ್ಮ ಅಂಗಡಿಯಲ್ಲಿ ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಎಂದು ಶುರುಮಾಡಿ ಮುಂದೆ ಹೋಗಲಾರದೆ ನಿಲ್ಲಿಸಿದರು. ಆಮೇಲೆ ಕ್ಷಮಾದಾನದ ಮಾತುಗಳನ್ನು ಹೇಳಿ, ಒಂದು ಜಪಸರ ಪ್ರಾರ್ಥನೆಯ ದಂಡನೆ ಕೊಟ್ಟು, ದೇವರು ನಿಮ್ಮನ್ನು ಕ್ಷಮಿಸಿದ್ದಾರೆ, ಸಮಾಧಾನದಿಂದ ಹೋಗಿ ಎಂದರು. ಅರ್ಧಪಾದ್ರಿ ಬೆಳ್ಳಿಯ ಡಬ್ಬಿಯನ್ನು ಕೊರಳಿಂದ ತೆಗೆದು ಅವರ ಕೈಗಿಟ್ಟ. ಬೇಡ, ಇಟ್ಟುಕೊಳ್ಳಿ ಎಂದರೂ ಕೇಳಲಿಲ್ಲ.

ಮಗಳು ಬರುತ್ತಾಳೇನೋ ಎಂದು ಕಾದ. ಬರಲಿಲ್ಲ. ಕೊನೆಗೆ, ಅವಳಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಅಂಗಡಿಯ ಬಾಗಿಲೆಳೆದು, ಬಸ್ಸು ಹತ್ತಿ ಅವಳ ಮನೆಗೆ ಹೋದ. ಆ ಮನೆಯ ಹೊಸ್ತಿಲು ಅವನು ತುಳಿದದ್ದು ಅದೇ ಮೊದಲು. ಅಳಿಯ ಬಾಗಿಲು ತೆಗೆದು, ಬನ್ನಿ ಮಾವ ಎಂದು ಒಳಗೆ ಕರೆದು, ಏನೋ ನೆಪ ಹೇಳಿ ಹೊರಗೆ ಹೋದ. ಮಗಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಂತ್ರ ನಿಲ್ಲಿಸಿದಳು, ಏಳಲಿಲ್ಲ.

"ಅಮ್ಮನಿಗೆ ಕೊಟ್ಟಿದ್ದು?"

"ಅದು ನಿಜವಾದದ್ದೇ ಕಣಮ್ಮ. ಆಣೆ ಮಾಡಿ ಹೇಳ್ತೀನಿ."

"ಅವಳು ನನ್ನ ನೋಡಿ ನಕ್ಕಳಲ್ಲ. ಆ ನಗು ಮೋಸ ಹೋಗಿ ನಕ್ಕಿದ್ದು."

ಅವಳ ದನಿ ಏರಲಿಲ್ಲ, ಅಳುವೂ ಇರಲಿಲ್ಲ. ಆ ದನಿಯಲ್ಲೇ ಅವಳು ಹೇಳುತ್ತಾ ಹೋದಳು.

"ಅವತ್ತು ನಾನು ಸಂಜೆವರೆಗೂ ನೀರು ಕುಡೀಲಿಲ್ಲ ಅಪ್ಪ. ಇಷ್ಟು ವರ್ಷ ಆದ್ಮೇಲೆ ಬಾಯಿಗೆ ದೇವರು ಬಂದಿದ್ದಾನೆ, ಹೇಗೆ ಎಂಜಲು ಮಾಡಲಿ ಅಂತ. ಇವರು ಗಾಬರಿಯಾಗಿ ಏನಾಯ್ತು ಅಂತ ಕೇಳಿದ್ರು. ನಮ್ಮಪ್ಪ ನನ್ನ ಒಳಗೆ ಸೇರಿಸ್ಕೊಂಡ ಅಂದೆ."

"ತಪ್ಪಾಯ್ತು ಕಣೇ. ಕ್ಷಮಿಸು."

"ಫಾದರ್ ಹತ್ತಿರ ಹೇಳಿದ್ಯಾ?"

"ಹೇಳಿದೆ. ದೇವರು ಕ್ಷಮಿಸಿದ್ದಾರೆ ಅಂದ್ರು."

"ಎಷ್ಟು ಹೊತ್ತು ಹಿಡೀತು?"

ಫಾದರ್ ಹೇಳಿದ ಮಾತುಗಳಿಗೆ ಎಷ್ಟು ಹೊತ್ತು ಹಿಡಿದೀತು? ಒಂದು ಮೀಸೆ ಕತ್ತರಿಸುವಷ್ಟೂ ಹಿಡಿದಿರಲಿಲ್ಲ. ತಲೆ ಬಗ್ಗಿಸಿಕೊಂಡು ನಿಂತ. ಹೊರಗೆ ಅಳಿಯ ಬಣ್ಣದ ಡಬ್ಬಗಳನ್ನು ಎತ್ತಿಡುವ ಸದ್ದು ಕೇಳುತ್ತಿತ್ತು. ಇನ್ನು ಹೊರಡುವುದೇ ಸರಿಯೆಂದು ಅವನು ಬಾಗಿಲ ಕಡೆ ತಿರುಗಿದಾಗ ಅವಳು ಎದ್ದಳು. ಅಡುಗೆಮನೆಗೆ ಹೋಗಿ ತಟ್ಟೆ ತಂದು ಮೇಜಿನ ಮೇಲಿಟ್ಟು, ಲೋಟಕ್ಕೆ ನೀರು ಹಾಕಿ, ಅನ್ನ ಸಾರು ಬಿಸಿ ಮಾಡಿ ತಂದು ಬಡಿಸಿದಳು.

"ಕೂತ್ಕೋ," ಎಂದಳು. "ಉಂಡು ಹೋಗು. ಇದರಲ್ಲಿ ಮೋಸ ಇಲ್ಲ."

ಅವನು ಕೂತು ಉಂಡ. ಪ್ರತಿ ತುತ್ತೂ ಹೆಂಡತಿಗೆ ಆಗುತ್ತಿದ್ದ ಹಾಗೆ ಗಂಟಲಲ್ಲಿ ಸಿಕ್ಕುತ್ತಿತ್ತು, ಆದರೂ ಒಂದು ಅಗುಳೂ ಬಿಡದೆ ಉಂಡ. ಅವಳು ಗೋಡೆಗೆ ಒರಗಿ ನಿಂತು, ತಟ್ಟೆ ಬರಿದಾದಾಗಲೆಲ್ಲ ಬಡಿಸಿದಳು. ಜೊತೆಗೆ ಕೂರಲಿಲ್ಲ.